ಒಂದು ರಾತ್ರಿಯ ಬಡ್ಡಿ

ನಮ್ಮ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಒಂದು ಧರ್ಮವಿತ್ತು, ಹೆಸರು ಕೈಗಡ. ಶೇಂಗಾ ತಂದ ರೈತನಿಗೆ ದಲಾಲಿ ಅಂಗಡಿಯವನು ಅದೇ ಸಂಜೆ ಹಣ ಎಣಿಸಬೇಕು. ಶೇಂಗಾ ಕೊಂಡ ಎಣ್ಣೆ ಗಿರಣಿಯವರು ಮಾತ್ರ ವಾರ ಬಿಟ್ಟು ಕೊಡುತ್ತಾರೆ. ನಡುವಿನ ಕಂದಕಕ್ಕೆ ಎದುರು ಅಂಗಡಿಯ ಪೆಟ್ಟಿಗೆಯೇ ಸೇತುವೆ. ಇವತ್ತು ಒಯ್ಯುವುದು, ನಾಳೆ ಯಾವುದಾದರೂ ಗಿರಣಿಯಿಂದ ಬಂದದ್ದರಲ್ಲಿ ತೀರಿಸುವುದು. ಚೀಟಿ ಇಲ್ಲ, ಸಾಕ್ಷಿ ಇಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ. ಕೈಗಡಕ್ಕೆ ಬಡ್ಡಿ ಕೇಳಿದವನ ಮನೆಗೆ ಹೆಣ್ಣು ಕೊಡಲೂ ಜನ ಯೋಚಿಸುತ್ತಿದ್ದರು.

ಬ್ಯಾಂಕುಗಳೂ ಹೀಗೇ ಒಂದು ರಾತ್ರಿಯ ಮಟ್ಟಿಗೆ ಕೈಗಡ ಮಾಡುತ್ತವೆ, ಮುಂಬೈಯಲ್ಲಿ ಕೂತ ಕೇಂದ್ರ ಬ್ಯಾಂಕು ಅದಕ್ಕೆ ರೆಪೋ ಎಂಬ ದರ ಕಟ್ಟುತ್ತದೆ ಎಂದು ನನಗೆ ತಿಳಿದದ್ದು ತಡವಾಗಿ. ಅಷ್ಟು ದೊಡ್ಡವರೂ ನಮ್ಮಂತೆ ಕೈಯೊಡ್ಡುತ್ತಾರಲ್ಲ ಎಂದು ಸ್ವಲ್ಪ ಹೆಮ್ಮೆಯೇ ಆಯಿತು. ಹೆಮ್ಮೆ ಬಹಳ ದಿನ ಬಾಳಲಿಲ್ಲ. ಆ ವರ್ಷ ದರ ಮೇಲಿಂದ ಮೇಲೆ ಏರಿತು. ನಮ್ಮ ಅಂಗಡಿಗಳು ಬ್ಯಾಂಕಿನಿಂದ ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಓಡಿ ಸಾಲವನ್ನು ಅದರ ಬಾಲಕ್ಕೇ ಕಟ್ಟಿದ್ದರು. ಓಡಿಯಲ್ಲಿ ಬಡ್ಡಿ ಬೀಳುವುದು ಸಂಜೆಗೆ ಉಳಿದ ಬಾಕಿಯ ಮೇಲೆ. ಹಾಗಾಗಿ ಮಾರುಕಟ್ಟೆಯ ಹಿರಿತಲೆಗಳಿಗೆಲ್ಲ ಒಮ್ಮೆಲೇ ಜ್ಞಾನೋದಯವಾಯಿತು: ಪೆಟ್ಟಿಗೆಯಲ್ಲಿ ಮಲಗಿದ ಹಣ ದಂಡ, ಬ್ಯಾಂಕಿಗೆ ಕಟ್ಟಿದರೆ ಅಂದಿನ ರಾತ್ರಿಯ ಬಡ್ಡಿ ಉಳಿಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಲ್ಲರ ಪೆಟ್ಟಿಗೆಗಳೂ ಉಪವಾಸ ಹಿಡಿಯತೊಡಗಿದವು. ಗಿರಣಿಯವರಿಗೂ ಇದೇ ಜ್ಞಾನ ಬಂದು, ವಾರದ ಹಣ ತಿಂಗಳಿಗೆ ಹೋಯಿತು.

ಅಂಥ ಒಂದು ದಿನ ನೀಲಗುಂದದ ರೈತರೊಬ್ಬರ ಶೇಂಗಾ ತೂಗಿ ಮುಗಿದಿತ್ತು. ನಮ್ಮಪ್ಪನ ಕಾಲದಿಂದಲೂ ನಮ್ಮ ಅಂಗಡಿಗೇ ಹಾಕುವವರು. ಕಾಯಿ ಬಿಡಿಸಿದ ಹೆಂಗಸರಿಗೆ ಸಂಜೆ ಕೂಲಿ ಹಂಚಬೇಕೆಂದು ಒಮ್ಮೆ ಹೇಳಿ, ಮತ್ತೆ ಕೇಳದೆ ಚೀಲದ ಮೇಲೆ ಕೂತಿದ್ದರು. ನನ್ನ ಓಡಿ ಮಿತಿ ಮುಟ್ಟಿ ನಿಂತಿತ್ತು. ಇವರ ಕೈಗೆ ಹಣ ಬೀಳದಿದ್ದರೆ ನನ್ನ ಅಂಗಡಿಯ ಮಾತು ಹೋಗುತ್ತದೆ. ದಲಾಲಿ ಅಂಗಡಿಯಲ್ಲಿ ಮಾತು ಹೋದ ಮೇಲೆ ಉಳಿಯುವುದು ತಕ್ಕಡಿ ಮಾತ್ರ.

ಸಾಲಿನ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಎಲ್ಲರೂ ನೀರು ಕೊಟ್ಟರು, ಮಕ್ಕಳ ಕ್ಷೇಮ ಕೇಳಿದರು, ಈಗಷ್ಟೇ ಕಟ್ಟಿ ಬಂದೆವೆಂದು ವಿಷಾದಿಸಿದರು. ಆರನೆಯದೋ ಏಳನೆಯದೋ ಲೋಟ ನೀರನ್ನು ಅರ್ಧಕ್ಕೇ ಇಟ್ಟು ಎದ್ದೆ. ಕೊನೆಗೆ ಎದುರು ಅಂಗಡಿಗೆ, ಸಾಲೆಯಿಂದ ಜೊತೆಗಿದ್ದ ಗೆಳೆಯನ ಬಳಿ ಹೋದೆ.

“ಪೆಟ್ಟಿಗ್ಯಾಗ ಏನೂ ಇಲ್ಲಲೇ. ಬ್ಯಾಂಕಿನಿಂದ ತಗದ್ರ ತಗೀಬಹುದು. ನನಗ ಬಡ್ಡಿ ಬೀಳ್ತತಿ,” ಎಂದ.

ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿ ಮತ್ತೆ ಮುಚ್ಚಿದ.

“ಅದನ್ನ ನಿನ್ ಕಡಿ ಕೇಳ್ಲೇನು? ನಾಲಿಗಿ ಹೊಳ್ಳಬೇಕಲ್ಲೋ.”

ನನ್ನದೂ ಹೊರಳಲಿಲ್ಲ. ಆ ಬಡ್ಡಿಯಾದರೂ ಎಷ್ಟು? ಇಬ್ಬರು ಕೂತು ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿಯುವಷ್ಟು. ಕೊಡುತ್ತೇನೆ ಎಂದರೆ ನಾನು ಗೆಳೆತನಕ್ಕೆ ಬೆಲೆ ಕಟ್ಟಿದಂತೆ. ಕೊಡು ಎಂದರೆ ಅವನು ಕಟ್ಟಿದಂತೆ. ಮುಂಬೈಯವರಿಗೆ ಈ ನಾಚಿಕೆಯಿಲ್ಲ, ಅದಕ್ಕೇ ಅವರ ವ್ಯವಹಾರ ರಾತ್ರಿಯೂ ನಡೆಯುತ್ತದೆ. ನಾವಿಬ್ಬರು ಮರ್ಯಾದಸ್ಥರು ಗೋಡೆ ನೋಡುತ್ತ ಕೂತೆವು. ಅವನು ಚಹಾ ತರಿಸಿದ. ಕುಡಿದು ಎದ್ದು ಬಂದೆ.

ನಾಳೆ ಬೆಳಿಗ್ಗೆ ಕೊಡುತ್ತೇನೆಂದು ರೈತರಿಗೆ ಹೇಳಿದೆ. ಆ ಮಾತನ್ನು ನಮ್ಮ ಅಂಗಡಿಯಲ್ಲಿ ಅವರು ಎಂದೂ ಕೇಳಿರಲಿಲ್ಲ. ನನ್ನ ಮುಖ ನೋಡದೆ ಎದ್ದು ನಿಂತರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಸಾವ್ಕಾರ್ರೆ. ಹೆಣ್ಮಕ್ಳು ದಾರಿ ಕಾಯ್ತಿರ್ತಾರೆ. ಎದುರಿನ ಅಂಗ್ಡಿಗೆ ಹಾಕ್ತೀನಿ.”

ಗೆಳೆಯ ಬ್ಯಾಂಕಿಗೆ ಹೋಗಿ ಹಣ ತಂದ. ನನಗೆ ಕೊಡಲು ಬಾರದ್ದು ರೈತರಿಗೆ ಕೊಡಲು ಬಂತು, ಏಕೆಂದರೆ ಅಲ್ಲಿ ಬಡ್ಡಿ ತೀರಿಸಿ ಮಿಗುವಷ್ಟು ದಲಾಲಿ ಇತ್ತು. ಲೆಕ್ಕ ಎಲ್ಲೂ ತಪ್ಪಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಒಬ್ಬ ಮನುಷ್ಯನೂ ಸಿಗಲಿಲ್ಲ.

ಹಮಾಲರು ಚೀಲಗಳನ್ನು ಒಂದೊಂದಾಗಿ ನನ್ನ ಕಟ್ಟೆಯಿಂದಿಳಿಸಿ ಅವನ ಕಟ್ಟೆಗೆ ಒಟ್ಟಿದರು. ಕೊನೆಯ ಚೀಲ ಹೊತ್ತು ಹಾಕಿದ ಮುದುಕ ಹಮಾಲ ಮುಖ ಒರೆಸಿಕೊಳ್ಳುತ್ತ ರಸ್ತೆಯ ನಡುವೆ ನಿಂತು, ಇತ್ತ ಒಮ್ಮೆ ಅತ್ತ ಒಮ್ಮೆ ನೋಡಿದ.

“ಯಜಮಾನ್ರ, ಇಲ್ಲಿಂದ ಅಲ್ಲಿಗಿ ಹೊತ್ತ ಕೂಲಿ ಯಾರ ಲೆಕ್ಕಕ್ರಿ?”

ಎದುರಿನ ಕಟ್ಟೆಯ ಮೇಲೆ ಗೆಳೆಯ ತಲೆ ತಗ್ಗಿಸಿ ತಕ್ಕಡಿಯೊಂದಿಗೆ ಏನೋ ಮಾಡುತ್ತಿದ್ದ. ನನ್ನ ಲೆಕ್ಕಕ್ಕೇ ಎಂದೆ. ಜೇಬಿನಲ್ಲಿ ಅಷ್ಟಿತ್ತು.