ಎದುರಂಗಡಿ ಚಾಚಾನ ಲಿಂಕ್

ಗೆಳೆಯರ, ಇವತ್ತಿಂದು ಕೇಳ್ರಿ. ಅಪ್ಪ ಹೋದ ಮ್ಯಾಲ ಮುಚ್ಚಿದ್ದ ನಮ್ಮ ಮಸ್ಕಿ ಟೇಲರ್ ಅಂಗಡಿನ ವೆಬ್‌ಸೈಟ್ ಮಾಡಿ ಮತ್ತ ಶುರು ಮಾಡೀನಿ.

"ಬ್ಯಾರೆಯವರ ಸೈಟಿನ್ಯಾಗ ನಿಮ್ಮ ಲಿಂಕ್ ಇದ್ರ ಸರ್ಚ್‌ನ್ಯಾಗ ಮ್ಯಾಲ ಬರ್ತೀರಿ. ಪೈಪೋಟಿಯವರು ಮಾತ್ರ ಕೊಡಂಗಿಲ್ಲ," ಅಂದ್ರು ಸೈಟ್ ಮಾಡಿಕೊಟ್ಟ ಮಾರ್ಕೆಟಿಂಗ್‌ನವರು.

ನಾ ಸೀದಾ ಹೋಗಿದ್ದು ಎದುರಂಗಡಿ ಟೇಲರ್ ಕರೀಂ ಚಾಚಾನ ಕಡೆನ. ಅವರಿಗೂ ಯಾರೋ ಮಾಡಿಕೊಟ್ಟ ಸೈಟ್ ಐತಿ. ತೊಂಬತ್ತರ ದಶಕದಾಗ ರಂಜಾನಕ್ಕ ಹೊಲಿಗಿ ಗದ್ದಲಾದ್ರ ಚಾಚಾ ಗಿರಾಕಿನ ಅಪ್ಪನ ಕಡೆ ಕಳಸ್ತಿದ್ರು, ದೀಪಾವಳಿಗೆ ಅಪ್ಪ ಚಾಚಾನ ಕಡೆ.

"ಲಿಂಕ್ ಅಂದ್ರೇನ್ ಬೇಟಿ?"

"ಬಂದವ್ರಿಗೆ ನಮ್ಮಂಗಡಿ ತೋರಿಸೋದು, ಚಾಚಾ."

"ಅದಾ? ನಿಮ್ಮಪ್ಪ ಹೋಗಿ ಬಾಗಿಲ ಮುಚ್ಚಿದ್ರೂ, ಗದ್ದಲಾದ್ರ ನನ್ನ ಕೈ ಇನ್ನಾ ಆ ಕಡೆನ ತೋರಿಸ್ತೈತಿ."

ಚಾಚಾನ ಮಾತು ಮಾರ್ಕೆಟಿಂಗ್‌ನವ್ರಿಗೆ ಹೇಳಿದೆ. ಇಂಥ ಕೈ ತೋರಿಸೋ ಲಿಂಕ್ ಸರ್ಚ್‌ನ್ಯಾಗ ಲೆಕ್ಕಕ್ಕ ಬರಂಗಿಲ್ಲಂತ. ಆ ಸರ್ಚಿನ ಹಣೇಬರಾ!