ಎಲ್ಲಿಗೆ ಎಂದು ಕೇಳದ ವನಜಕ್ಕ

ಹಂಗಾರಕಟ್ಟೆಯ ವನಜಕ್ಕನಿಗೆ ಹಳಸಿದ ಮೀನು ದಾಟಿಸಿ ಗೆದ್ದವರು ಈವರೆಗೆ ಹುಟ್ಟಿಲ್ಲ. ದೋಣಿ ಕಟ್ಟುವ ದಕ್ಕೆಯಲ್ಲಿ ಬುಟ್ಟಿ ಇಳಿಸಿದವರು ದೇವರ ಮೇಲೆ ಆಣೆ ಹಾಕಿದರೂ ಅವಳು ಬಂಗುಡೆಯ ಕಿವಿರು ಎತ್ತಿ ನೋಡದೆ ಬಿಡುವವಳಲ್ಲ. ಕಣ್ಣು ಒತ್ತಿ, ಹೊಟ್ಟೆ ಒತ್ತಿ, ಮೂಗಿನ ಹತ್ತಿರ ಹಿಡಿದು, "ಇದ್ ನಿನ್ನಿದ್ದೇ ಸೈ, ನನ್ ಹತ್ರ ಆಟ ಬೇಡ" ಎಂದು ವಾಪಸು ಎಸೆಯುವಳು. ಮೀನಿಗೆ ಇದು ಸರಿ. ಆದರೆ ಪುಣ್ಯಾತ್ಗಿತ್ತಿ ಮನುಷ್ಯರನ್ನೂ ಹಾಗೇ ಹಿಡಿದು ನೋಡುತ್ತಿದ್ದಳು. ಪಕ್ಕದ ಮನೆಯವರು ಹಲಸಿನ ಹಣ್ಣು ಕೊಟ್ಟರೆ ಯಾಕೆ ಕೊಟ್ಟರು, ಕೊಡದಿದ್ದರೆ ಯಾಕೆ ಕೊಡಲಿಲ್ಲ, ಎರಡಕ್ಕೂ ಅವಳಿಗೆ ನಿದ್ದೆಗೇಡು.

ಅವಳು ಎಂದೂ ಒತ್ತಿ ನೋಡದ ಜೀವ ಒಂದೇ, ಗಂಡ ಗೋವರ್ಧನ. ಬಿಜೂರಿನ ಗದ್ದೆ ಬೇಸಾಯದ ಮನೆಯವನು. ಹದಿನೆಂಟರಲ್ಲಿ ಸೋದರಮಾವನ ದೋಣಿಗೆಂದು ಹಂಗಾರಕಟ್ಟೆಗೆ ಬಂದು, ಮೀನುಗಾರನಾಗಿ ಅಲ್ಲೇ ಉಳಿದ. ಮಾತು ಕಡಿಮೆ, ಕುಡಿತ ಇಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷ ಅವನ ಬಗ್ಗೆ ವನಜಕ್ಕನ ತಲೆಗೆ ಒಂದು ಹುಳವೂ ಹೊಕ್ಕಿರಲಿಲ್ಲ.

ಹೊಕ್ಕದ್ದು 2009ರ ಬೇಸಿಗೆಯಲ್ಲಿ. ಆ ವರ್ಷ ಮಾರ್ಚಿನಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಗೋವರ್ಧನನ ದೋಣಿ ಮಗುಚಿತ್ತು. ಇದ್ದವರು ಇಬ್ಬರೇ, ಅವನು ಮತ್ತು ಅವನ ಜೊತೆಗಾರ ಬಚ್ಚ. ಮೂರು ಗಂಟೆ ಕಳೆದ ಮೇಲೆ ಬೇರೆ ದೋಣಿಯವರು ಗೋವರ್ಧನನನ್ನು ಎತ್ತಿ ತಂದರು. ಬಚ್ಚನ ಹೆಣ ಎರಡು ದಿನ ಬಿಟ್ಟು ಸಿಕ್ಕಿತು. ಊರೆಲ್ಲ ಅತ್ತಿತು. ವನಜಕ್ಕನೂ ಅತ್ತಳು. ಆದರೆ ಗಂಡ ಉಳಿದ ಸಂತೋಷ ಅವಳ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಗಿರಾಕಿ ಕೇಳಲಿ ಬಿಡಲಿ, "ನಮ್ ಮನಿಯರ್ ಮೂರ್ ಗಂಟಿ ಈಜಿರ್, ಗೊತ್ತಿತ್ತಾ?" ಎಂದು ಸಾರುತ್ತಿದ್ದಳು. ಎರಡು ಬುಟ್ಟಿ ಆಚೆ ಕೂರುವವಳು ಬಚ್ಚನ ಹೆಂಡತಿ ಬಾಗಿ. ಒಂದು ದಿನ ಅವಳು ಸೀಗಡಿ ಸುಲಿಯುತ್ತಲೇ ಕೇಳಿದಳು: "ನಿಮ್ಮವ್ರಿಗಿಂತ ಚಂದ ಈಜುವವ ಅವ. ಅವ ಹ್ಯಾಂಗ್ ಮುಳ್ಗಿದ, ವನಜಕ್ಕ?"

ವನಜಕ್ಕ ಮೀನಿಗೆ ನೀರು ಚಿಮುಕಿಸತೊಡಗಿದಳು.

ದೋಣಿ ಮಗುಚಿದಲ್ಲಿಂದ ಗೋವರ್ಧನ ಬೇರೆಯೇ ಮನುಷ್ಯನಾಗಿದ್ದ. ದೋಣಿಗೆ ಹೋಗಲಿಲ್ಲ. ಊಟಕ್ಕೆ ಕೂತರೆ ಅನ್ನ ಕಲಸಿಕೊಂಡೇ ಇರುತ್ತಿದ್ದ. ಹೆಂಡತಿ ಹತ್ತಿರ ಬಂದರೆ ಎದ್ದು ಹೋಗುತ್ತಿದ್ದ. ಹೆದರಿಕೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದ ವನಜಕ್ಕನಿಗೆ ಎರಡು ತಿಂಗಳಾದ ಮೇಲೆ ಬೇರೆ ವಾಸನೆ ಬಡಿಯತೊಡಗಿತು. ಮನಸ್ಸು ಬೇರೆ ಕಡೆ ನೆಟ್ಟ ಗಂಡಸು ಹೀಗೇ ಅಲ್ಲವೇ ಇರುವುದು?

ಅಷ್ಟರಲ್ಲಿ ಏಳನೇ ಕ್ಲಾಸು ಮುಗಿಸಿದ ಮಗಳು ಮೋಕ್ಷಿತಾ ಒಂದು ಚೀಟಿ ತಂದಳು. ಕೋಟದ ಕಡೆಯ ದಿನಕರ ಮೇಷ್ಟ್ರು ಎಂಬವರು ಕೆರಾಡಿಯಾಚೆಯ ಗುಡ್ಡದ ಮೇಲೆ, ಕಾಡಿನ ನಡುವೆ ಕೆರೆಯಂಥ ದೊಡ್ಡ ಮದಗದ ದಡದಲ್ಲಿ ಬೇಸಿಗೆ ಶಿಬಿರ ಮಾಡುತ್ತಾರಂತೆ. ಅಪ್ಪ ಅಮ್ಮನೂ ಜೊತೆಗೆ ಬಂದು ಮೂರು ರಾತ್ರಿ ಡೇರೆಯಲ್ಲಿ ಇರಬೇಕಂತೆ. ಗಾಳಿಪಟ, ಮಣ್ಣಿನ ಗೊಂಬೆ, ಹಾಡು, ಈಜು ಎಂದು ಮೋಕ್ಷಿತಾ ಒಂದೊಂದೇ ಓದಿದಳು.

"ಈಜಾ? ಕಡ್ಲಗೆ ಬೆಳ್ದರಿಗೆ ಗುಡ್ಡಿ ಮೇಲೆ ಈಜು ಕಲಿಸ್ತ್ರಾ!" ವನಜಕ್ಕ ಹೊಟ್ಟೆ ಹಿಡಿದು ನಕ್ಕಳು.

ಗೋವರ್ಧನ ನಗಲಿಲ್ಲ. "ಮಗು ಆಸಿ ಪಡ್ತಿತ್ತ್. ಹೋಪ" ಎಂದ.

ವನಜಕ್ಕನ ನಗು ಅಲ್ಲೇ ನಿಂತಿತು. ಕುಂದಾಪುರಕ್ಕೆ ಒಂದು ಸಿನೆಮಾಕ್ಕೆ ಕರೆದುಕೊಂಡು ಹೋಗದವನು! ತವರಿನ ಮದುವೆಗೂ ಎಳೆದುಕೊಂಡು ಹೋಗಬೇಕಾದವನು! ಇವನಿಗೆ ಗುಡ್ಡದ ಮೇಲೆ ಎಂತ ಕೆಲಸ? ಏನೋ ಉಂಟು. ಕಂಡೇ ಬಿಡುವ ಎಂದು ಅವಳೂ ಬುಟ್ಟಿ ಕವುಚಿಟ್ಟು ಹೊರಟಳು.

ಮದಗವೇನೋ ಚಂದವೇ ಇತ್ತು. ಸುತ್ತ ಕಾಡು, ಆಚೆಗೆ ಘಟ್ಟದ ಗೋಡೆ, ನಡುವೆ ಅಲುಗಾಡದ ನೀರು. ಅಲೆಯಿಲ್ಲದ ನೀರನ್ನು ವನಜಕ್ಕ ನಂಬಲಿಲ್ಲ. ಊಟಕ್ಕೆ ಸೌತೆಕಾಯಿ ಹುಳಿ, ಬೆಳಿಗ್ಗೆ ಅವಲಕ್ಕಿ, ಮೀನಿನ ಹೆಸರೆತ್ತುವ ಹಾಗಿಲ್ಲ. "ಮೂರ್ ದಿನ ಹುಲ್ಲ್ ತಿಂಬುದಾ?" ಎಂದು ಮೊದಲ ಊಟಕ್ಕೇ ಗೊಣಗಿದಳು. ದೊಡ್ಡವರಿಗೂ ಕಾಗದದ ಟೊಪ್ಪಿ ಹಾಕಿಸಿ ಹಾಡಿಸಿದರು. ಮೋಕ್ಷಿತಾ ಕುಣಿದದ್ದೇ ಕುಣಿದದ್ದು. ವನಜಕ್ಕ ಟೊಪ್ಪಿ ಹಾಕಿಕೊಂಡೇ ಗಂಡನ ಮೇಲೆ ಕಣ್ಣಿಟ್ಟಿದ್ದಳು.

ಮೊದಲ ಬೆಳಗು, ಹಕ್ಕಿ ಆಗಷ್ಟೇ ಕೂಗುವಾಗ, ಗೋವರ್ಧನ ಮೆಲ್ಲಗೆ ಎದ್ದು ಡೇರೆಯ ಬಾಗಿಲು ಸರಿಸಿ ಹೊರಟ. ಕಂಕುಳಲ್ಲಿ ಏನೋ ತುಂಬಿದ ಒಂದು ಪ್ಲಾಸ್ಟಿಕ್ ಕೊಟ್ಟೆ. ವನಜಕ್ಕನಿಗೆ ಎಚ್ಚರವಿತ್ತು. ಎಲ್ಲಿಗೆ ಎಂಬ ಮಾತು ಗಂಟಲಿಗೆ ಬಂತು, ನುಂಗಿದಳು.

ಯಾಕೆಂದರೆ ಅದೊಂದನ್ನು ಮಾತ್ರ ಅವಳು ಕೇಳುವ ಹಾಗಿರಲಿಲ್ಲ. ಕಡಲಿಗೆ ಹೋಗುವವರ ಮನೆಯಲ್ಲಿ ಹೊರಟ ಗಂಡಸನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಅಪ್ಪಿತಪ್ಪಿ ಕೇಳಿಸಿಕೊಂಡವನು ಮರಳಿ ಒಳಗೆ ಬಂದು, ಕೂತು, ನೀರು ಕುಡಿದು ಹೊಸದಾಗಿ ಹೊರಡಬೇಕು. ಮದುವೆಯಾದ ಹೊಸತರಲ್ಲಿ ವನಜಕ್ಕ ಒಮ್ಮೆ ಬಾಯಿ ತಪ್ಪಿ ಕೇಳಿದ್ದಳು. ಅವತ್ತೇ ಬಲೆ ಬಂಡೆಗೆ ಸಿಕ್ಕಿ ಹರಿಯಿತು. ಗಂಡನ ಸೋದರಮಾವನ ಮನೆಯ ಅತ್ತೆ ಒಂದು ವರ್ಷ ಅದನ್ನೇ ಹೇಳಿ ಹೇಳಿ ಅವಳ ಜೀವ ತಿಂದಿದ್ದರು. ಆಮೇಲೆ ಗಂಡ ಅಂಗಡಿಗೆ ಹೊರಟರೂ ಅವಳು ಕೇಳಿದವಳಲ್ಲ. ಊರಿಗೆಲ್ಲ ನೂರು ಪ್ರಶ್ನೆ ಹಾಕುವ ಬಾಯಿಗೆ ಮನೆಯ ಹೊಸಿಲಲ್ಲಿ ಬೀಗ.

ಮುಕ್ಕಾಲು ಗಂಟೆ ಬಿಟ್ಟು ಬಂದ. ತಲೆ ಒದ್ದೆ. ಬಾಯಲ್ಲಿ ಕಾಫಿಯ ಪರಿಮಳ.

ವನಜಕ್ಕನ ಕಿವಿ ನೆಟ್ಟಗಾಯಿತು. ಶಿಬಿರದಲ್ಲಿ ಎಲ್ಲರಿಗೂ ಕಾಫಿ ಏಳು ಗಂಟೆಗೆ. ಇವನಿಗೆ ಆರಕ್ಕೇ ಕಾಸಿ ಕೊಟ್ಟವರು ಯಾರು? ಒಲೆ ಇದ್ದದ್ದು ಒಂದೇ ಕಡೆ, ಮದಗದ ಕಟ್ಟೆಯ ಆಚೆಗಿನ ಅಡುಗೆ ಚಪ್ಪರದಲ್ಲಿ. ಅಲ್ಲಿದ್ದವಳು ಕೋಟದ ತುಂಗಾ, ನಲವತ್ತರ ಹೆಂಗಸು, ಚೂರೂ ಬೆವರದೆ ನೂರು ಜನಕ್ಕೆ ಅಡುಗೆ ಮಾಡುವವಳು. ವನಜಕ್ಕ ತೆಂಗಿನಕಾಯಿ ತುರಿದು ಕೊಡುತ್ತೇನೆ ಎಂಬ ನೆಪ ಮಾಡಿ ಹೋಗಿ ಅವಳೆದುರು ಕೂತು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಂಗುಡೆಯಾಗಿದ್ದರೆ ಕಿವಿರು ಎತ್ತುತ್ತಿದ್ದಳು.

ತುಂಗಾ ತಾನಾಗಿಯೇ ಬಾಯಿ ಬಿಟ್ಟಳು. "ನಿಮ್ಮನಿಯರ್ ಭಾರೀ ಪಾಪದವ್ರ್ ಕಾಣಿ. ಅವ್ರ ಕಂಡ್ರೆ ನಂಗ್ ಅಯ್ಯೋ ಅನ್ಸತ್ತ್."

"ನಿಮ್ಗ್ ಹ್ಯಾಂಗ್ ಗೊತ್ತ್?"

ತುಂಗಾ ತಡವರಿಸಿ, ಹುಳಿ ಸೌಟಿನಿಂದ ಕದಡತೊಡಗಿದಳು. "ಹಂಗೇ ಅಂದೆ."

ಹಂಗೇ ಅಂದಳಂತೆ! ವನಜಕ್ಕ ತುರಿದ ಕಾಯಿಯನ್ನು ಅಲ್ಲೇ ಬಿಟ್ಟು ಎದ್ದಳು. ಎರಡನೇ ಬೆಳಗೂ ಅದೇ ಕತೆ: ಕೊಟ್ಟೆ, ಒದ್ದೆ ತಲೆ, ಕಾಫಿ. ಈ ಸಲ ಗಂಡ ಅಂಗಿ ಬದಲಾಯಿಸುವಾಗ ಕಂಕುಳ ಕೆಳಗೆ ಎರಡು ಕಡೆಯೂ ಕೆಂಪು ಬರೆ ಕಂಡವು. ಅವಳು ಮುಖ ತಿರುಗಿಸಿದಳು. ಆ ದಿನವಿಡೀ ಮೋಕ್ಷಿತಾಳ ಗಾಳಿಪಟದ ದಾರ ಹಿಡಿದುಕೊಂಡು ಕೂತಳು, ಪಟ ಕಾಡಿಗೆ ಬಿದ್ದದ್ದೂ ತಿಳಿಯಲಿಲ್ಲ. ಅವಳಿಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ಕಡಲಿನಿಂದ ಉಳಿದು ಬಂದ ಗಂಡ ಕಣ್ಣೆದುರೇ ಕೈ ತಪ್ಪಿ ಹೋದರೆ ಅವಳು ಯಾರ ಹತ್ತಿರ ಹೇಳುವುದು? ಮಾರ್ಕೆಟ್ಟಿನಲ್ಲಿ ಹೇಗೆ ಕೂರುವುದು? ಸಾಯುವುದೇ ಮೇಲು ಅನ್ನಿಸಿತು.

ಮೂರನೇ ಬೆಳಗು ಅವನು ಡೇರೆಯ ಬಾಗಿಲು ಎತ್ತಿದಾಗ ವನಜಕ್ಕ ಎದ್ದು ಕೂತಳು.

"ಹ್ವಾಯ್. ಎಲ್ಲಿಗ್ ಹೋಪ್ದ್?"

ಗೋವರ್ಧನ ಕೆನ್ನೆಗೆ ಪೆಟ್ಟು ಬಿದ್ದವನ ಹಾಗೆ ನಿಂತ. ಹೊಸತರಲ್ಲಿ ಒಮ್ಮೆ ಬಿಟ್ಟರೆ ಇಪ್ಪತ್ತೊಂದು ವರ್ಷದಲ್ಲಿ ಕೇಳದ ಮಾತು. ಬೈಯಲಿಲ್ಲ. ಹೊರಗಿಟ್ಟ ಕಾಲನ್ನು ಒಳಗೆ ತೆಗೆದು, ಕ್ರಮದ ಪ್ರಕಾರ ಚಾಪೆಯ ಮೇಲೆ ಬಂದು ಕೂತ. ವನಜಕ್ಕ ಚೊಂಬಿನ ನೀರು ಕೊಟ್ಟಳು. ಕುಡಿದ. ಮೋಕ್ಷಿತಾ ಮಗ್ಗುಲು ಬದಲಾಯಿಸಿ ಮತ್ತೆ ನಿದ್ದೆ ಹೋದಳು.

"ಬಾ" ಎಂದ.

ಕಟ್ಟೆ ದಾಟಿ, ಅಡುಗೆ ಚಪ್ಪರ ದಾಟಿ, ನೀರು ಕಡಿಮೆ ಇದ್ದ ಮೂಲೆಗೆ ಬಂದರು. ಅಲ್ಲಿ ಶಿಬಿರದ ಈಜು ಮೇಷ್ಟ್ರು ಶ್ರೀಕರ ಕಾಯುತ್ತಿದ್ದ, ಮೀಸೆ ಆಗಷ್ಟೇ ದಪ್ಪವಾದ ಹುಡುಗ. ವನಜಕ್ಕನನ್ನು ಕಂಡು ಗಾಬರಿಯಾದ. ಗೋವರ್ಧನ ಕೊಟ್ಟೆ ಬಿಚ್ಚಿ ಚಡ್ಡಿ ಹಾಕಿಕೊಂಡು, ಮಕ್ಕಳಿಗೆ ಕಟ್ಟುವ ಗಾಳಿ ತುಂಬಿದ ಟ್ಯೂಬನ್ನು ಕಂಕುಳಿಗೆ ಏರಿಸಿಕೊಂಡು ಸೊಂಟಮಟ್ಟದ ನೀರಿಗೆ ಇಳಿದ. ಕೈ ಬಡಿದ, ಕಾಲು ಬಡಿದ. ಎರಡು ಮಾರು ಹೋಗುವಷ್ಟರಲ್ಲಿ ಟ್ಯೂಬು ಜಾರಿತು, ಮುಳುಗಿದ. ಶ್ರೀಕರ ಎಳೆದು ನಿಲ್ಲಿಸಿದ. ಗೋವರ್ಧನ ಕೆಮ್ಮಿ, ನೀರು ಉಗುಳಿ, ಹೆಂಡತಿಯ ಮುಖ ನೋಡದೆ ಹೇಳಿದ.

"ನಂಗ್ ಈಜುಕ್ ಬತ್ತಿಲ್ಲೆ, ವನಜ. ಮೊದ್ಲಿಂದ್ಲೂ ಬತ್ತಿಲ್ಲೆ. ಗದ್ದಿಯಗೆ ಬೆಳ್ದವ. ಯಾರೂ ಕೇಳ್ಲಿಲ್ಲೆ, ನಾನೂ ಹೇಳ್ಲಿಲ್ಲೆ. ಊರ ಹೊಳಿಯಗೆ ಕಲಿವ ಅಂದ್ರೆ ಊರೇ ಕಾಣತ್ತಲೆ."

"ಮತ್ ಅವತ್ತ್? ಮೂರ್ ಗಂಟಿ?"

"ದೋಣಿಯ ಖಾಲಿ ಎಣ್ಣಿ ಕ್ಯಾನ್ ಹಿಡ್ಕಂಡಿದ್ದೆ. ಇದ್ದದ್ದ್ ಒಂದೇ. ಬಚ್ಚಂಗೆ ಸಿಕ್ಕಿದ್ದದ್. ನಂಗ್ ಈಜು ಬತ್ತಿಲ್ಲೆ ಅಂದೇಳಿ ಗೊತ್ತಿದ್ದದ್ದ್ ಅವ ಒಬ್ಬನಿಗೇ." ಅವನು ಜಾರಿದ ಟ್ಯೂಬನ್ನು ಎದೆಗೆ ಎಳೆದುಕೊಂಡ. "'ನೀ ಹಿಡ್ಕೋ, ನಾ ಈಜಿ ಹೋಯಿ ಜನ ಕರ್ಕಂಡ್ ಬತ್ತೆ' ಅಂದ. ಕ್ಯಾನ್ ನನ್ ಬದಿಗೆ ದೂಡಿದ."

ವನಜಕ್ಕ ದಡದ ಕಲ್ಲಿನ ಮೇಲೆ ಕೂತಳು. ಕಣ್ಣಿಗೆ ಬಂದದ್ದು ಬಾಗಿಯ ಮುಖ. ಸೀಗಡಿ ಸುಲಿಯುತ್ತ ಅವಳು ಕೇಳಿದ ಪ್ರಶ್ನೆ. ಎರಡು ತಿಂಗಳು ದಿನವೂ ಆ ಹೆಂಗಸಿನ ಕಿವಿಗೆ ಬೀಳುವ ಹಾಗೆ ಮೂರು ಗಂಟೆ ಈಜಿದರು, ಈಜಿದರು ಎಂದು ಕೂಗಿದ್ದು ಈ ಬಾಯೇ ಅಲ್ಲವೇ? ನಾಚಿಕೆಯಿಂದ ಮೈ ಸುಟ್ಟುಹೋಯಿತು. ಆಮೇಲೆ ಸಿಟ್ಟು ಬಂತು, ಎಲ್ಲಿಲ್ಲದ ಸಿಟ್ಟು.

"ಇಪ್ಪತ್ತೊಂದ್ ವರ್ಷ ನಿಮ್ಮನ್ ಕಡ್ಲಿಗ್ ಕಳ್ಸಿ ನಾ ಕಣ್ ಮುಚ್ಚಿ ನಿದ್ದಿ ಮಾಡ್ದೆ, ಮರಾಯ್ರೆ!" ಎಂದು ಕೂಗಿದಳು. ನೀರಿನಿಂದ ಎದ್ದವನಿಗೆ ದಿನವೂ ಕಾಸಿಕೊಡುತ್ತಿದ್ದ ಕಾಫಿಯ ಲೋಟ ಹಿಡಿದು ಚಪ್ಪರದಿಂದ ತುಂಗಾ ಓಡಿ ಬಂದಳು. ಅವಳ ಮುಖ ಕಂಡದ್ದೇ ವನಜಕ್ಕನಿಗೆ ಅಳುವೂ ಬಂತು.

ಅತ್ತು ಮುಗಿದ ಮೇಲೆ ವನಜಕ್ಕ ಸೀರೆ ಎತ್ತಿ ಕಚ್ಚೆ ಹಾಕಿದಳು. ಹೊಳೆಯಲ್ಲಿ ಚಿಪ್ಪು ಹೆಕ್ಕಿ ಬೆಳೆದವಳು, ಏಳು ವರ್ಷಕ್ಕೇ ಈಜಿದವಳು. ನೀರಿಗಿಳಿದು ಶ್ರೀಕರನಿಗೆ, "ನೀವ್ ಬದಿಗ್ ಹೋಯ್ನಿ ಮೇಷ್ಟ್ರೆ" ಎಂದು, ಟ್ಯೂಬು ಕಿತ್ತು ದಡಕ್ಕೆ ಎಸೆದಳು. ಗಂಡನ ಹೊಟ್ಟೆಯ ಅಡಿಗೆ ಎರಡೂ ಕೈ ಕೊಟ್ಟಳು. "ಕಾಲ್ ಹೊಡಿನಿ. ನಾ ಬಿಡುದಿಲ್ಲೆ." ಅವನು ಕಾಲು ಹೊಡೆದ. ಬಿಸಿಲು ಏರುವವರೆಗೂ ಹೊಡೆಸಿದಳು. ಶಿಬಿರ ಮುಗಿಯುವ ಹೊತ್ತಿಗೆ ಅವನು ಯಾರೂ ಹಿಡಿಯದೆ ಹತ್ತು ಮಾರು ಹೋಗುತ್ತಿದ್ದ.

ಅಂದೇ ಮಧ್ಯಾಹ್ನದ ಮೇಲೆ ಹಂಗಾರಕಟ್ಟೆಯಲ್ಲಿ ಬಸ್ಸಿಳಿದರು. ಮೋಕ್ಷಿತಾ ಮಣ್ಣಿನ ಗೊಂಬೆ ಹಿಡಿದುಕೊಂಡು ಮನೆಗೆ ಓಡಿದಳು. ಗೋವರ್ಧನ ಮನೆಯ ದಾರಿ ಬಿಟ್ಟು ದಕ್ಕೆಯ ದಾರಿ ಹಿಡಿದ. ಆ ದಾರಿಯಲ್ಲಿ ಇದ್ದದ್ದು ಬಚ್ಚನ ಮನೆ. ಬಾಗಿ ಅಂಗಳದಲ್ಲಿ ಒಣಮೀನು ತಿರುವುತ್ತಿರುವುದು ದೂರದಿಂದಲೇ ಕಾಣುತ್ತಿತ್ತು. ವನಜಕ್ಕ ಎಲ್ಲಿಗೆ ಎಂದು ಕೇಳಲಿಲ್ಲ. ಚೀಲವನ್ನು ಹೆಗಲಿಗೆ ಏರಿಸಿಕೊಂಡು ಅವನ ಹಿಂದೆಯೇ ನಡೆದಳು.