ಮೈನಸ್ ಮೀಟರಿನ ದಾರ

ಆಫೀಸಿನಲ್ಲಿ ಅವರಿಗೆ ಇಂಟಕ್ಕ ಎಂದೇ ಹೆಸರು. ದಾರ ಸುತ್ತುವ ಯಂತ್ರಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಕೆಲಸ. ಸಂಖ್ಯೆ ಇಡಬೇಕಾದ ಕಡೆಯಲ್ಲೆಲ್ಲ ಕಣ್ಣು ಮುಚ್ಚಿಕೊಂಡು int ಎಂದು ಬರೆಯುತ್ತಿದ್ದರು. "ಮೂರೇ ಅಕ್ಷರ. ಇಪ್ಪತ್ತೆರಡು ವರ್ಷದಿಂದ ಕೈ ಕೊಟ್ಟಿಲ್ಲ" ಎನ್ನುವುದು ಅವರ ವಾದ.

ಕಂಪನಿ ಯಂತ್ರಗಳಿಗೆ ಒಂದು ಪುಟ್ಟ, ಅಗ್ಗದ ಹೊಸ ಚಿಪ್ ಹಾಕತೊಡಗಿತು. ಇಂಟಕ್ಕ ಹಳೆಯ ಪ್ರೋಗ್ರಾಮನ್ನೇ ಅದಕ್ಕೆ ತುಂಬಿ, ನೂರು ಮೀಟರ್ ದಾರ ಸುತ್ತಿಸಿ ನೋಡಿ, ಸಮಾಧಾನವಾಗಿ ಯಂತ್ರವನ್ನು ದಾರದ ಮಿಲ್ಲಿಗೆ ಕಳಿಸಿದರು. ವಾರದೊಳಗೆ ಅಲ್ಲಿನ ಹಿರಿಯ ಆಪರೇಟರ್ ಫೋನ್ ಮಾಡಿದರು.

"ಮೇಡಂ, ಬೆಳಗ್ಗಿಂದ ದಾರ ಸುತ್ತಿದೀನಿ. ಮೀಟರು ಮೈನಸ್ ಮೂವತ್ತೆರಡು ಸಾವಿರ ತೋರಿಸ್ತಿದೆ. ನಾನೇನು ಸುತ್ತಿದ್ದೀನೋ, ಬಿಚ್ಚಿದ್ದೀನೋ?"

"ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಓಡುತ್ತಲ್ಲ!"

"ಹಾಗಾದ್ರೆ ದಾರಾನೂ ಅಲ್ಲಿಗೇ ಕಳಿಸ್ಲಾ?"

ಮನೆಯಲ್ಲಿ ವಿಷಯ ಕೇಳಿದ ಟೈಲರ್ ಗಂಡನಿಗೆ ನಗು ತಡೆಯಲಾಗಲಿಲ್ಲ. "ಮೈನಸ್ ದಾರ ಇದ್ರೆ ನಂಗೂ ಒಂದು ಉಂಡೆ ತಂದ್ಕೊಡು. ತಪ್ಪಾಗಿ ಹೊಲಿದಿದ್ದೆಲ್ಲ ತಾನೇ ಬಿಚ್ಕೊಳ್ಳುತ್ತೆ." ಇಂಟಕ್ಕ ಮುಖ ಊದಿಸಿಕೊಂಡೇ ಊಟ ಮುಗಿಸಿದರು.

ಮರುದಿನ ಮಿಲ್ಲಿಗೆ ಹೋಗಿ, ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಅಂಕಿ ಏರುತ್ತಲೇ ಹೋಯಿತು. 32,766, 32,767. ಆಮೇಲೆ ಒಮ್ಮೆಲೇ ಮೈನಸ್ 32,768.

ಇಂಟಕ್ಕನಿಗೆ ಆಗ ಹೊಳೆಯಿತು. ಅವರ ಕಂಪ್ಯೂಟರಿನಲ್ಲೂ ಹಳೆಯ ಚಿಪ್ಪಿನಲ್ಲೂ int ಮೂವತ್ತೆರಡು ಬಿಟ್ಟಿನದು, ಈ ಚಿಪ್ಪಿನಲ್ಲಿ ಬರೀ ಹದಿನಾರರದು; 32,767 ದಾಟಿದರೆ ಹಿಡಿಸದೆ ಮೈನಸ್ಸಿಗೆ ಮಗುಚಿಕೊಳ್ಳುತ್ತದೆ. ಎಲ್ಲ ಯಂತ್ರದಲ್ಲೂ ಅದು ಒಂದೇ ಅಳತೆ ಇರುತ್ತದೆ ಎಂದು ಸಿ ಭಾಷೆ ಯಾವತ್ತೂ ಮಾತು ಕೊಟ್ಟಿರಲಿಲ್ಲ. ಕಾಲೇಜಿನಲ್ಲಿ ಇದೇ ಪ್ರಶ್ನೆಗೆ ಅವರು ಪೂರ್ತಿ ಅಂಕ ತೆಗೆದಿದ್ದರು ಬೇರೆ.

ಮಿಲ್ಲಿನ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದರು. ಮೊದಲ ಸಾಲಿಗೆ, ಎಷ್ಟು ಬಿಟ್ಟು ಬೇಕೆಂದು ಹೆಸರಲ್ಲೇ ಹೇಳಲು ಬಿಡುವ stdint.h ಸೇರಿಸಿದರು. ಆಮೇಲೆ ಒಂದೊಂದು int ಎದುರಿಗೂ ನಿಂತು, ಈ ಸಂಖ್ಯೆ ಎಷ್ಟು ದೊಡ್ಡದಾಗಬಹುದು ಎಂದು ಯೋಚಿಸಿದರು. ದಾರದ ಉದ್ದಕ್ಕೆ ಮೂವತ್ತೆರಡು ಬಿಟ್ಟಿನ int32_t, ಉಂಡೆಯ ನಂಬರಿಗೆ ಎಂಟೇ ಬಿಟ್ಟಿನ uint8_t. ಹೀಗೆ ಮುನ್ನೂರ ಹದಿನೆಂಟು ಕಡೆ. ಮುಗಿಸಲು ಮೂರು ದಿನ ಹಿಡಿಯಿತು.

ವರದಿಯಲ್ಲಿ ಮೊದಲು 'ಚಿಪ್ಪಿನ ದೋಷ' ಎಂದು ಬರೆದರು. ಆಮೇಲೆ ಅದನ್ನು ಅಳಿಸಿ, 'ನನ್ನ ತಪ್ಪು' ಎಂದು ತಿದ್ದಿದರು.

ಹಿಂದೆ ನಿಂತಿದ್ದ ಆಪರೇಟರ್ ಇಣುಕಿದರು. "ಪಾಪ, ಚಿಪ್ಪಿಗೆ ಬಾಯಿಲ್ಲ. ಅದರ ತಲೆಗೇ ಕಟ್ಟಿದ್ರೆ ನಡೀತಿತ್ತು."

"ಬಾಯಿಲ್ಲ ಅಂತಾನೇ ಕಟ್ಲಿಲ್ಲ."

ಯಂತ್ರ ಮತ್ತೆ ಶುರುವಾಯಿತು. ಮೀಟರು ನಲವತ್ತು ಸಾವಿರ ದಾಟಿದರೂ ಮೈನಸ್ಸಿನ ಸುಳಿವಿಲ್ಲ.

"ಇನ್ನು ಎಲ್ಲೀವರೆಗೆ ಎಣಿಸುತ್ತೆ ಇದು?" ಆಪರೇಟರ್ ಕೇಳಿದರು.

"ಇನ್ನೂರ ಹದಿನಾಲ್ಕು ಕೋಟಿ ಮೀಟರ್ ತನಕ ತೊಂದರೆ ಇಲ್ಲ."

"ಅಷ್ಟೊತ್ತಿಗೆ ನಾನು ರಿಟೈರ್ ಆಗಿರ್ತೀನಿ ಬಿಡಿ."

"ನಾನೂ" ಎಂದರು ಇಂಟಕ್ಕ.